ಮಳೆಗಾಲದಲ್ಲಿ ಇಂಡೀ ರಾಕ್ ಎಲ್‌ಪಿಗಳಿಗೆ ಬೂಷ್ಟು ಬಾರದಂತೆ

ಮಂಗಳೂರು, ಉಡುಪಿ ಕಡೆ ಎಲ್‌ಪಿ (ವಿನೈಲ್ ಗ್ರಾಮಫೋನ್ ರೆಕಾರ್ಡ್) ಇಟ್ಟವರಿಗೆ: ಬೂಷ್ಟು ಮೊದಲು ಹಿಡಿಯುವುದು ರೆಕಾರ್ಡನ್ನಲ್ಲ, ಕಾಗದದ ಕವರನ್ನು. ಅಲ್ಲಿಂದ ರೆಕಾರ್ಡಿನ ಮೇಲೆ ಸೂಜಿ ಓಡುವ ಗೆರೆಗಳಿಗೆ ಇಳಿದರೆ ಉದ್ದಕ್ಕೂ ಚರಚರ ಸದ್ದು. ಯೋ ಲಾ ಟೆಂಗೊ, ಲೋ ತರಹದ ಇಂಡೀ ರಾಕ್ (ದೊಡ್ಡ ಕಂಪನಿಗಳ ಹಂಗಿಲ್ಲದ ರಾಕ್ ಸಂಗೀತ) ಬ್ಯಾಂಡ್‌ಗಳ ಜೀವವೇ ಗಿಟಾರಿನ ಸಣ್ಣ ದನಿ, ನಡುವಿನ ಮೌನ. ಅದು ಹಾಳಾಗಬಾರದು.

ಜೂನ್‌ಗೆ ಮೊದಲೇ ಒಳಗಿನ ಕಾಗದದ ಕವರ್ ತೆಗೆದು ಪಾಲಿಥೀನ್ ಕವರ್ ಹಾಕಿ. ಹೊರಗೆ ಪಿವಿಸಿ ಕವರ್ ಬೇಡ, ತಾಗಿಕೊಂಡರೆ ರೆಕಾರ್ಡಿನ ಮೇಲೆ ಮಬ್ಬು ಕಲೆ ಕೂರುತ್ತದೆ. ಪಶ್ಚಿಮದ ಗೋಡೆಗೆ ಎರಚಲು ಹೊಡೆಯುವುದರಿಂದ ಕಪಾಟು ಅದಕ್ಕೆ ತಾಗದಿರಲಿ. ರೆಕಾರ್ಡ್‌ಗಳನ್ನು ನೆಟ್ಟಗೆ ನಿಲ್ಲಿಸಿ, ಒಂದರ ಮೇಲೊಂದು ಪೇರಿಸಬೇಡಿ.

ರೆಕಾರ್ಡ್‌ಗಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಡುವುದಾದರೆ, ಅದರಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹರಳುಗಳ ಜೊತೆ ಸಣ್ಣ ಹೈಗ್ರೋಮೀಟರ್ (ತೇವಾಂಶ ಅಳೆಯುವ ಮೀಟರ್) ಇಡಿ. ತೇವಾಂಶ 40ರಿಂದ 50 ಶೇಕಡಾ ಇದ್ದರೆ ಒಳ್ಳೆಯದು. ಕಿತ್ತಳೆ ಜೆಲ್ ತೇವ ಹೀರಿ ಹಸಿರಾದರೆ ಓವನ್‌ನಲ್ಲಿ 110 ಡಿಗ್ರಿ ಸೆಲ್ಸಿಯಸ್‌ಗೆ ಒಂದೆರಡು ಗಂಟೆ ಒಣಗಿಸಿ, ಮತ್ತೆ ಬಳಸಬಹುದು.

ಬೂಷ್ಟು ಬಂದೇಬಿಟ್ಟಿದ್ದರೆ 3 ಪಾಲು ಡಿಸ್ಟಿಲ್ಡ್ ನೀರಿಗೆ 1 ಪಾಲು ಐಸೊಪ್ರೊಪೈಲ್ ಆಲ್ಕೋಹಾಲ್ ಬೆರೆಸಿ, ಮೈಕ್ರೋಫೈಬರ್ ಬಟ್ಟೆಯಿಂದ ಗೆರೆಯ ಸುತ್ತಿನಲ್ಲೇ ಒರೆಸಿ. ನಡುವಿನ ಲೇಬಲ್ ಒದ್ದೆಯಾಗಬಾರದು. ಬಾವಿ ನೀರಾಗಲಿ ನಳ್ಳಿ ನೀರಾಗಲಿ ಬೇಡ, ಲವಣ ಗೆರೆಯಲ್ಲೇ ಉಳಿಯುತ್ತದೆ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಶೆಲ್ಯಾಕ್ (ಅರಗು) ರೆಕಾರ್ಡಿಗೆ ಈ ದ್ರಾವಣ ಮುಟ್ಟಿಸಲೇಬೇಡಿ, ಆಲ್ಕೋಹಾಲ್‌ಗೆ ಅದು ಕರಗುತ್ತದೆ. ಒಣಗಿಸುವುದು ಫ್ಯಾನಿನ ಗಾಳಿಗೆ. ಬಿಸಿಲಿಗಿಟ್ಟರೆ ರೆಕಾರ್ಡ್ ಡೊಂಕಾಗುತ್ತದೆ.