ಹುಟ್ಟೂರಿನಲ್ಲಿ ವಿಮಾನಯಾನದ ಆದ್ಯರ ಪ್ರತಿಮೆ: ಪೀಠದ ಬರಹದಿಂದ ಮೇಣದ ಲೇಪದವರೆಗೆ

ವಿಮಾನಯಾನಕ್ಕೆ ದಾರಿ ತೋರಿದವರೊಬ್ಬರ ಪ್ರತಿಮೆಯನ್ನು ಅವರ ಹುಟ್ಟೂರಿನಲ್ಲಿ ನಿಲ್ಲಿಸಬೇಕೆಂದು ಸಮಿತಿಯೊಂದು ಸೇರಿದ ಕೂಡಲೇ ಮಾತು ಎತ್ತರ, ಲೋಹ ಮತ್ತು ಜಾಗದ ಕಡೆಗೆ ಹೊರಳುತ್ತದೆ. ಪೀಠದ ಮೇಲೆ ಕೆತ್ತಿಸಬೇಕಾದ ಬರಹವನ್ನು ಅನಾವರಣಕ್ಕೆ ವಾರವೊಂದು ಉಳಿದಿರುವಾಗ ಯಾರೋ ಅವಸರದಲ್ಲಿ ಬರೆದುಕೊಡುತ್ತಾರೆ. ಈ ಕ್ರಮವನ್ನು ತಿರುವುಮುರುವು ಮಾಡಿ, ಬರಹವನ್ನೇ ಮೊದಲು ಸಿದ್ಧಪಡಿಸಿಕೊಳ್ಳಿ. ಆ ವ್ಯಕ್ತಿ ನಿಖರವಾಗಿ ಏನು ಮಾಡಿದರು ಎಂಬುದು ನಾಲ್ಕು ಸಾಲಿನಲ್ಲಿ ತೀರ್ಮಾನವಾದರೆ, ಅವರನ್ನು ಯಾವ ವಯಸ್ಸಿನಲ್ಲಿ, ಯಾವ ಉಡುಪಿನಲ್ಲಿ, ಯಾವ ಯಂತ್ರದ ಜೊತೆ ತೋರಿಸಬೇಕು ಎಂಬ ಪ್ರಶ್ನೆಗಳಿಗೂ ಅರ್ಧ ಉತ್ತರ ಸಿಕ್ಕಂತಾಗುತ್ತದೆ.

ಬರಹದಲ್ಲಿ ಅತ್ಯಂತ ಎಚ್ಚರ ಬೇಡುವ ಪದ ‘ಮೊದಲ’ ಎಂಬುದು. ರೈಟ್ ಸಹೋದರರು 1903ರ ಡಿಸೆಂಬರ್ 17ರಂದು ಅಮೆರಿಕದ ಕಿಲ್ ಡೆವಿಲ್ ಹಿಲ್ಸ್‌ನಲ್ಲಿ ನಾಲ್ಕು ಬಾರಿ ಹಾರಿದರು. ಮೊದಲನೆಯದು 12 ಸೆಕೆಂಡುಗಳಲ್ಲಿ 120 ಅಡಿ, ಕೊನೆಯದು 59 ಸೆಕೆಂಡುಗಳಲ್ಲಿ 852 ಅಡಿ. ಆದರೆ ಫ್ರಾನ್ಸಿನ ಕ್ಲೆಮಾಂ ಆಡೇರ್ ಅವರ ಉಗಿಯಂತ್ರದ ವಿಮಾನ 1890ರ ಅಕ್ಟೋಬರ್ 9ರಂದೇ ನೆಲದಿಂದ ಗೇಣುದ್ದ ಮೇಲೆದ್ದು ಸುಮಾರು 50 ಮೀಟರ್ ಸಾಗಿತ್ತು. ಅದನ್ನು ಗಾಳಿಯಲ್ಲಿ ಹತೋಟಿಗೆ ತರುವ ವ್ಯವಸ್ಥೆ ಮಾತ್ರ ಇರಲಿಲ್ಲ. ಬ್ರೆಜಿಲ್‌ನವರಿಗೆ ಈ ಗೌರವ ಆಲ್ಬೆರ್ಟೊ ಸಾಂಟೋಸ್ ಡ್ಯುಮೊಂಟ್ ಅವರದು. ಅವರ ವಿಮಾನ, ರೈಟ್ ಸಹೋದರರದರಂತೆ ಹಳಿಯ ನೆರವು ಪಡೆಯದೆ, ತನ್ನ ಚಕ್ರಗಳ ಮೇಲೆಯೇ ಓಡಿ, 1906ರ ಅಕ್ಟೋಬರ್ 23ರಂದು ಪ್ಯಾರಿಸ್ ಜನರ ಕಣ್ಣೆದುರೇ 60 ಮೀಟರ್ ಹಾರಿತು. ಗುಸ್ತಾವ್ ವೈಟ್‌ಹೆಡ್ 1901ರಲ್ಲಿಯೇ ಹಾರಿದ್ದರೆಂಬ ವಾದಕ್ಕೆ 2013ರಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯ ಕಾನೂನಿನ ಮುದ್ರೆ ಒತ್ತಿತು, ಆದರೂ ಹೆಚ್ಚಿನ ಇತಿಹಾಸಕಾರರು ಅದನ್ನು ಒಪ್ಪುವುದಿಲ್ಲ. ನ್ಯೂಜಿಲೆಂಡಿನ ರೈತ ರಿಚರ್ಡ್ ಪಿಯರ್ಸ್ ಪರವಾಗಿ ಅಭಿಮಾನಿಗಳು 1903ರ ದಿನಾಂಕವೊಂದನ್ನು ಮುಂದಿಡುತ್ತಾರೆ. ಪಿಯರ್ಸ್ ಮಾತ್ರ ತಮ್ಮ ಪತ್ರಗಳಲ್ಲಿ ರೈಟ್ ಸಹೋದರರಿಗಿಂತ ತಾವು ಮುಂದೆ ಎಂದು ಹೇಳಿಕೊಳ್ಳಲಿಲ್ಲ. ವ್ಯಕ್ತಿಯೇ ಕೇಳದ ಪಟ್ಟವನ್ನು ಊರು ಕಲ್ಲಿನಲ್ಲಿ ಕೊರೆಸುವುದು ಅಭಿಮಾನವಾಗಬಹುದು, ದಾಖಲೆಯಾಗುವುದಿಲ್ಲ.

ಆದ್ದರಿಂದ ‘ಮೊದಲ’ ಎಂದು ಬರೆಯಲೇಬೇಕಿದ್ದರೆ ಅದರ ಹಿಂದಿನ ವಿಶೇಷಣಗಳನ್ನೆಲ್ಲ ಒಂದೊಂದಾಗಿ ಪರೀಕ್ಷಿಸಿ: ಯಂತ್ರ ಗಾಳಿಗಿಂತ ಭಾರವಾದದ್ದೇ, ಎಂಜಿನ್ ಇತ್ತೇ, ಒಳಗೆ ಮನುಷ್ಯನಿದ್ದನೇ, ತನ್ನ ಬಲದಿಂದಲೇ ಮೇಲೆದ್ದಿತೇ, ಹಾರಾಟ ಮುಂದುವರಿಯಿತೇ, ದಿಕ್ಕು ಮತ್ತು ಎತ್ತರ ಹಾರುವವನ ಹತೋಟಿಯಲ್ಲಿದ್ದವೇ, ಕಂಡವರು ಯಾರು. ಇವುಗಳಲ್ಲಿ ಒಂದು ಸಡಿಲವಾದರೂ ಆ ಪದವನ್ನು ಕೈಬಿಟ್ಟು ದಿನಾಂಕ, ಸ್ಥಳ, ದೂರ ಇಷ್ಟನ್ನೇ ಕೊಡುವುದು ಲೇಸು. ಜರ್ಮನಿಯ ಒಟ್ಟೊ ಲಿಲಿಯೆಂಥಾಲ್ ಎಂಜಿನ್ ಇಲ್ಲದ ಗ್ಲೈಡರ್‌ಗಳಲ್ಲಿ ಸುಮಾರು 2,000 ಬಾರಿ ಹಾರಿದರು, 1896ರ ಆಗಸ್ಟ್ 9ರಂದು ಗ್ಲೈಡರ್ ಕೆಳಗೆ ಬಿದ್ದು ಗಾಯಗೊಂಡು ಮರುದಿನ ತೀರಿಕೊಂಡರು ಎಂದು ಬರೆದರೆ, ಯಾವ ಬಿರುದೂ ಇಲ್ಲದೆ ಓದುಗ ಅಲ್ಲೇ ನಿಲ್ಲುತ್ತಾನೆ.

ದಿನಾಂಕದ ವಿಷಯದಲ್ಲಿ ಇನ್ನೊಂದು ತೊಡಕಿದೆ. ಹಳೆಯ ಜೂಲಿಯನ್ ಪಂಚಾಂಗ ಬಳಸುತ್ತಿದ್ದ ರಷ್ಯಾದಂಥ ದೇಶಗಳ ದಾಖಲೆಗಳು 19ನೆಯ ಶತಮಾನದಲ್ಲಿ 12 ದಿನ, 20ನೆಯ ಶತಮಾನದಲ್ಲಿ 13 ದಿನ ಹಿಂದಿರುತ್ತವೆ. ಯಾವ ಪಂಚಾಂಗದ ದಿನಾಂಕವನ್ನು ಕೆತ್ತಿಸುತ್ತಿದ್ದೀರಿ ಎಂಬುದು ಕಡತದಲ್ಲಿ ಬರೆದಿಟ್ಟಿರಲಿ. ‘ಹುಟ್ಟೂರು’ ಎಂಬುದನ್ನೂ ಜನನ ದಾಖಲೆಯೊಂದಿಗೆ ತಾಳೆ ನೋಡಬೇಕು. ರೈಟ್ ಸಹೋದರರ ಊರು ಡೇಟನ್ ಎಂದೇ ಎಲ್ಲರೂ ಹೇಳುವರಾದರೂ, ಅಲ್ಲಿ ಹುಟ್ಟಿದವರು ಆರ್ವಿಲ್ ಮಾತ್ರ; ವಿಲ್ಬರ್ ಹುಟ್ಟಿದ್ದು ಇಂಡಿಯಾನಾದ ಮಿಲ್‌ವಿಲ್ ಬಳಿ. ಸಾಂಟೋಸ್ ಡ್ಯುಮೊಂಟ್ ಹುಟ್ಟಿದ ಪಾಲ್ಮೀರಾ ಎಂಬ ಊರಿಗೆ 1932ರಿಂದ ಅವರ ಹೆಸರೇ ಇದೆ.

ಬರಹ ಸಿದ್ಧವಾದ ಮೇಲೆ ರೂಪದ ಪ್ರಶ್ನೆ. ಮನುಷ್ಯಾಕೃತಿಯೊಂದೇ ದಾರಿಯಲ್ಲ. ಫ್ರಾನ್ಸಿನ ಲೂಯಿ ಬ್ಲೇರಿಯೊ 1909ರ ಜುಲೈ 25ರಂದು ಇಂಗ್ಲಿಷ್ ಕಡಲ್ಗಾಲುವೆಯನ್ನು (ಇಂಗ್ಲಿಷ್ ಚಾನೆಲ್) ವಿಮಾನದಲ್ಲಿ ದಾಟಿ ಡೋವರ್ ಕೋಟೆಯ ಬಳಿ ಇಳಿದ ಜಾಗದಲ್ಲಿ, ಹುಲ್ಲಿನ ನಡುವೆ ಕಲ್ಲು ಹಾಸಿ ವಿಮಾನದ ಆಕಾರವನ್ನು ಮೂಡಿಸಿದ್ದಾರೆ. ನನ್ನ ಮಟ್ಟಿಗೆ ಇಂಥ ಸ್ಮಾರಕಗಳಲ್ಲೆಲ್ಲ ಅತ್ಯಂತ ಜಾಣ ಕಲ್ಪನೆ ಅದು. ಕಿಲ್ ಡೆವಿಲ್ ಹಿಲ್ಸ್‌ನಲ್ಲಿ 2003ರ ಶತಮಾನೋತ್ಸವಕ್ಕೆಂದು ಸ್ಥಾಪಿಸಿದ ಶಿಲ್ಪಸಮೂಹವು ವಿಮಾನವನ್ನು ನಿಜಗಾತ್ರದಲ್ಲಿ ತೋರಿಸುವುದಲ್ಲದೆ, ಆ ದಿನ ಕ್ಯಾಮೆರಾ ಒತ್ತಿದ ಜಾನ್ ಡೇನಿಯಲ್ಸ್ ಅವರನ್ನೂ ನಿಲ್ಲಿಸಿದೆ. ಅಷ್ಟು ಹಣ ಅಥವಾ ಜಾಗ ಇಲ್ಲದ ಊರಿಗೆ ವೇಲ್ಸ್‌ನ ಮನ್ಮತ್‌ನಲ್ಲಿರುವ ಚಾರ್ಲ್ಸ್ ರೋಲ್ಸ್ ಪ್ರತಿಮೆ ಒಳ್ಳೆಯ ಮೇಲ್ಪಂಕ್ತಿ: ಅವರು ಕೈಯಲ್ಲಿ ಪುಟ್ಟ ದ್ವಿರೆಕ್ಕೆ ವಿಮಾನವೊಂದನ್ನು ಹಿಡಿದು ಪರೀಕ್ಷಿಸುತ್ತಿದ್ದಾರೆ. ಕಡಲ್ಗಾಲುವೆಯನ್ನು ನಿಲ್ಲದೆ ಎರಡೂ ಕಡೆ ದಾಟಿದ ಸಾಧನೆಯ ಸಂಭ್ರಮಕ್ಕೆಂದು ಹೊರಟ ಆ ಪ್ರತಿಮೆ, 1910ರ ಜುಲೈನಲ್ಲಿ ಅವರು ವಿಮಾನ ಅಪಘಾತದಲ್ಲಿ ಸತ್ತದ್ದರಿಂದ, 1911ರಲ್ಲಿ ಸ್ಮಾರಕವಾಗಿ ಅನಾವರಣಗೊಂಡಿತು.

ಶಿಲ್ಪಿಗೆ ಕೊಡುವ ಚಿತ್ರಗಳ ಕಡತವನ್ನು ಸಮಿತಿಯೇ ಸಿದ್ಧಪಡಿಸಬೇಕು. ಇಲ್ಲವಾದರೆ ಚರ್ಮದ ಟೊಪ್ಪಿ, ದೊಡ್ಡ ಕನ್ನಡಕ, ಗಾಳಿಗೆ ಹಾರುವ ಉತ್ತರೀಯದಂಥ ಬಟ್ಟೆ ಇವು ತಾವಾಗಿ ಬಂದು ಕೂಡಿಕೊಳ್ಳುತ್ತವೆ. ರೈಟ್ ಸಹೋದರರು ಕೋಟು, ಗಂಜಿ ಹಾಕಿದ ಕಾಲರು ತೊಟ್ಟೇ ಕೆಲಸ ಮಾಡುತ್ತಿದ್ದರು. ಸಾಂಟೋಸ್ ಡ್ಯುಮೊಂಟ್ ಬೆತ್ತದ ಬುಟ್ಟಿಯಲ್ಲಿ ನಿಂತುಕೊಂಡು ವಿಮಾನ ನಡೆಸಿದರು. ಲಿಲಿಯೆಂಥಾಲ್ ಮುಂಗೈಗಳ ಆಧಾರದಲ್ಲಿ ತೂಗಾಡುತ್ತ ದೇಹವನ್ನು ಅತ್ತಿತ್ತ ವಾಲಿಸಿ ಗ್ಲೈಡರನ್ನು ಹತೋಟಿಯಲ್ಲಿಟ್ಟರು. ವಯಸ್ಸನ್ನೂ ಲೆಕ್ಕ ಹಾಕಿ: 1903ರ ಡಿಸೆಂಬರಿನಲ್ಲಿ ಆರ್ವಿಲ್‌ಗೆ 32, ವಿಲ್ಬರ್‌ಗೆ 36. ಕೀರ್ತಿ ಬಂದ ನಂತರ ತೆಗೆಸಿದ ಸ್ಟುಡಿಯೋ ಚಿತ್ರದ ಮುಖವನ್ನು ಹಾರಾಟದ ದಿನದ ಮೈಮೇಲೆ ಕೂರಿಸಬಾರದು. ಯಂತ್ರದ ವಿಷಯದಲ್ಲಿ ವಿಮಾನ ಬಲ್ಲವರೊಬ್ಬರು ಜೇಡಿಮಣ್ಣಿನ ಮಾದರಿಯನ್ನು ನೋಡಲೇಬೇಕು. 1903ರ ಯಂತ್ರದಲ್ಲಿ ಎತ್ತರ ನಿಯಂತ್ರಿಸುವ ಚುಕ್ಕಾಣಿ ಮುಂದಿತ್ತು, ಪ್ರೊಪೆಲ್ಲರ್‌ಗಳು ಹಿಂದಿದ್ದವು ಮತ್ತು ಪರಸ್ಪರ ವಿರುದ್ಧ ದಿಕ್ಕಿನಲ್ಲಿ ತಿರುಗುತ್ತಿದ್ದವು, ಆದ್ದರಿಂದ ಅವುಗಳ ಅಲಗಿನ ತಿರುವು ಒಂದಕ್ಕೊಂದು ಕನ್ನಡಿಯ ಪ್ರತಿಬಿಂಬದಂತಿರಬೇಕು. ಮಣ್ಣಿನಲ್ಲಿ ಹತ್ತು ನಿಮಿಷದಲ್ಲಿ ಸರಿಯಾಗುವ ತಪ್ಪು ಕಂಚಿನಲ್ಲಿ ಶಾಶ್ವತ.

ಬಯಲಿನಲ್ಲಿ, ಪೀಠದ ಮೇಲೆ ನಿಂತ ನಿಜಗಾತ್ರದ ಆಕೃತಿ ಕಣ್ಣಿಗೆ ಕುಳ್ಳಾಗಿ ಕಾಣುವುದರಿಂದ ಒಂದೂಕಾಲು ಪಟ್ಟು ಮಾಡಿಸುವ ರೂಢಿಯಿದೆ. ಎರಕದ ಪ್ರತಿಮೆ ಒಳಗೆ ಟೊಳ್ಳಾಗಿದ್ದು ಗೋಡೆಯ ದಪ್ಪ ಕೆಲವೇ ಮಿಲಿಮೀಟರ್ ಆದ್ದರಿಂದ, ದಪ್ಪ ಅಷ್ಟೇ ಇದ್ದರೂ ಮೇಲ್ಮೈ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚಾಗಿ ಲೋಹವೂ ಅಷ್ಟೇ ಹೆಚ್ಚು ಬೇಕಾಗುತ್ತದೆ. ಅಂದಾಜುಪಟ್ಟಿ ಓದುವಾಗ ಇದು ನೆನಪಿರಲಿ. ಒಳಗಿನ ಆಧಾರದ ಚೌಕಟ್ಟು ತುಕ್ಕುಹಿಡಿಯದ ಉಕ್ಕಿನದಾಗಿರಲಿ. ಸಾಧಾರಣ ಕಬ್ಬಿಣವಾದರೆ ಕಂಚಿನ ಸಂಪರ್ಕದಲ್ಲಿ ಬೇಗ ತುಕ್ಕು ಹಿಡಿಯುತ್ತದೆ, ತುಕ್ಕು ಉಬ್ಬಿ ಎರಕವನ್ನೇ ಸೀಳುತ್ತದೆ. ಒಳಗೆ ಸೇರುವ ನೀರು ಹೊರಹೋಗಲು ತಳದಲ್ಲಿ ಸಣ್ಣ ರಂಧ್ರಗಳನ್ನು ಬಿಡಿಸಿ.

ರೆಕ್ಕೆಯಿರುವ ಶಿಲ್ಪಕ್ಕೆ ಮಾತ್ರ ವಿಶೇಷ ಲೆಕ್ಕಾಚಾರ ಬೇಕು. ರೆಕ್ಕೆ ಎಂಬುದು ಗಾಳಿ ಬೀಸಿದರೆ ಮೇಲೇಳುವುದಕ್ಕೆಂದೇ ರೂಪುಗೊಂಡ ಆಕಾರ; ಗಾಳಿಯ ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟಾಗುತ್ತದೆ, ಬಿರುಗಾಳಿಗೆ ಅದು ಕಂಚೋ ಬಟ್ಟೆಯೋ ಎಂಬ ಭೇದವಿಲ್ಲ. ರೆಕ್ಕೆಯ ಮುಂಚೂಣಿಯನ್ನು ಮೇಲಕ್ಕೆತ್ತಿ ನಿಲ್ಲಿಸಿದರೆ ನೋಡಲು ಸೊಗಸು, ಬುಡದ ಬೋಲ್ಟುಗಳಿಗೆ ಹೊರೆ. ಸ್ಥಳದ ಗರಿಷ್ಠ ಗಾಳಿವೇಗವನ್ನು ಹಿಡಿದು ಸಿವಿಲ್ ಎಂಜಿನಿಯರ್ ಒಬ್ಬರಿಂದ ಅಡಿಪಾಯದ ವಿನ್ಯಾಸ ಮಾಡಿಸಿ, ಅದರ ನಕಲನ್ನು ಶಿಲ್ಪಿಗೂ ಕೊಡಿ.

ಜಾಗದ ಆಯ್ಕೆಯಲ್ಲಿ ಹಿನ್ನೆಲೆ ಆಕಾಶವಾಗಿರುವುದು, ಹತ್ತಿರ ಹೋಗಿ ಬರಹ ಓದಲು ದಾರಿಯಿರುವುದು, ಮುಂದಿನ ಕಟ್ಟಡ ಯೋಜನೆಗಳಿಗೆ ಆ ಜಾಗ ಸಿಲುಕದಿರುವುದು ಇಷ್ಟೇ ಮುಖ್ಯ. 1954ರಲ್ಲಿ ಲಂಡನ್ನಿನ ಹೀತ್ರೂ ನಿಲ್ದಾಣದಲ್ಲಿ ನಿಲ್ಲಿಸಿದ, ಅಟ್ಲಾಂಟಿಕ್ ಸಾಗರವನ್ನು ಮೊದಲು ನಿಲ್ಲದೆ ಹಾರಿ ದಾಟಿದ ಆಲ್ಕಾಕ್ ಮತ್ತು ಬ್ರೌನ್ ಅವರ ಕಲ್ಲಿನ ಪ್ರತಿಮೆ ನಿಲ್ದಾಣ ಬೆಳೆದಂತೆಲ್ಲ ನೆಲೆ ಬದಲಿಸಬೇಕಾಯಿತು.

ಒಪ್ಪಂದದಲ್ಲಿ ಚಿಕ್ಕ ಮಾದರಿ, ಪೂರ್ಣಗಾತ್ರದ ಮಣ್ಣಿನ ಮಾದರಿ ಮತ್ತು ಎರಕ ಎಂಬ ಮೂರು ಹಂತಗಳಿಗೂ ಪ್ರತ್ಯೇಕ ಒಪ್ಪಿಗೆ ಮತ್ತು ಕಂತು ಇರಲಿ. ಅಚ್ಚು ಅಥವಾ ಮಣ್ಣಿನ ಮಾದರಿಯ ಡಿಜಿಟಲ್ ಸ್ಕ್ಯಾನ್ ಯಾರ ಬಳಿ ಉಳಿಯುತ್ತದೆ ಎಂಬುದೂ ನಮೂದಾಗಿರಲಿ; ಪ್ರತಿಮೆ ಕೈತಪ್ಪಿದರೆ ಮತ್ತೆ ಎರಕ ಹೊಯ್ಯಲು ಅದು ಬೇಕಾಗುತ್ತದೆ. ಪ್ಯಾರಿಸ್ ಬಳಿಯ ಸೇಂಟ್ ಕ್ಲೂದಲ್ಲಿ 1913ರಲ್ಲಿ, ಸಾಂಟೋಸ್ ಡ್ಯುಮೊಂಟ್ ಬದುಕಿದ್ದಾಗಲೇ, ಅವರ ಗೌರವಕ್ಕೆ ನಿಲ್ಲಿಸಿದ ಇಕಾರಸ್ (ಗ್ರೀಕ್ ಪುರಾಣದಲ್ಲಿ ರೆಕ್ಕೆ ಕಟ್ಟಿಕೊಂಡು ಹಾರಿದವನು) ಪ್ರತಿಮೆಯನ್ನು ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ನರು ಲೋಹಕ್ಕಾಗಿ ಕರಗಿಸಿದರು. ಹೊಸದು ಬಂದದ್ದು 1952ರಲ್ಲಿ. ಈಗ ಯುದ್ಧವೇ ಬೇಕಿಲ್ಲ, ಕಂಚಿನ ಕಳ್ಳರೂ ಇದ್ದಾರೆ.

ಆರೈಕೆಯ ಹಣವನ್ನು ಅನಾವರಣಕ್ಕೆ ಮುಂಚೆಯೇ ಎತ್ತಿಡಿ. ವರ್ಷಕ್ಕೊಮ್ಮೆ ಸೌಮ್ಯ ಮಾರ್ಜಕ ಬೆರೆಸಿದ ನೀರಿನಿಂದ ಮೆತ್ತನೆಯ ಬ್ರಷ್ಷಿನಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆ ತೆಳುವಾಗಿ ಮೇಣ ಹಚ್ಚಿ ಬಟ್ಟೆಯಿಂದ ಉಜ್ಜಬೇಕು. ಹಕ್ಕಿಯ ಹಿಕ್ಕೆ ಕಂಚಿನ ಬಣ್ಣವನ್ನು ತಿನ್ನುವುದರಿಂದ ಅದನ್ನು ವಾರ್ಷಿಕ ಸರದಿಗೆ ಕಾಯದೆ ತೆಗೆಯಬೇಕು. ಪಾತ್ರೆ ತಿಕ್ಕುವ ನಾರು, ಹಿತ್ತಾಳೆ ಪಾಲಿಶ್, ಬಣ್ಣದ ಡಬ್ಬ ಇವು ಮೂರನ್ನೂ ಪ್ರತಿಮೆಯ ಹತ್ತಿರ ಸುಳಿಯಗೊಡಬೇಡಿ. ಜಯಂತಿಯ ಹಿಂದಿನ ದಿನ ಉತ್ಸಾಹಿಗಳು ಬಳಿಯುವ ಬಂಗಾರದ ಬಣ್ಣದಡಿ ಶಿಲ್ಪಿ ಮೂಡಿಸಿದ ಮುಖಭಾವ ಮುಚ್ಚಿಹೋಗುತ್ತದೆ, ಅದನ್ನು ಕೆರೆದು ತೆಗೆಯಲು ಬಳಿದದ್ದಕ್ಕಿಂತ ಹಲವು ಪಟ್ಟು ಖರ್ಚಾಗುತ್ತದೆ.