ನಾಷ್ಟಾ ಬಿಟ್ಟು ಒಂದು ಚೀಲ ಭತ್ತದ ತೂಕಕ್ಕೆ ಬಂದೆ

ನಮ್ಮ ಗಂಗಾವತಿ ಭಾಗದಲ್ಲಿ ಭತ್ತದ ವ್ಯಾಪಾರ 75 ಕೆಜಿ ಚೀಲದ ಲೆಕ್ಕದಲ್ಲಿ ನಡೆಯುತ್ತದೆ. ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವ ನಾನು ಎರಡೂವರೆ ವರ್ಷದ ಹಿಂದೆ ಚೀಲ ತೂಗುವ ಕಾಟಾದ ಮೇಲೆ ನಿಂತಾಗ 89 ಚಿಲ್ಲರೆ ತೋರಿಸಿತು. ಪಕ್ಕದಲ್ಲಿದ್ದ ಹಮಾಲರ ಮೇಸ್ತ್ರಿ, ‘ಒಂದು ಚೀಲ, ಮೇಲೆ ಹದಿನಾಲ್ಕು ಕೆಜಿ’ ಎಂದ. ಒಂದು ಚೀಲಕ್ಕೆ ಇಳಿಯಲೇಬೇಕೆಂದು ಅಂದೇ ಹಟ ಹಿಡಿದೆ. ಹೋದ ದೀಪಾವಳಿಯ ಹೊತ್ತಿಗೆ ಇಳಿದೆ, ಇವತ್ತಿಗೂ ಅಲ್ಲೇ ಇದ್ದೇನೆ. ಬೆಳಗಿನ ನಾಷ್ಟಾ ಬಿಟ್ಟರೆ ಪಿತ್ತ ಕೆರಳುತ್ತದೆ, ಬೊಜ್ಜು ಇನ್ನೂ ಹೆಚ್ಚುತ್ತದೆ ಎಂದು ಹೆದರಿಸಿದವರು ಒಬ್ಬಿಬ್ಬರಲ್ಲ. ಅವರೇ ಈಗ ‘ಹೇಗೆ ಮಾಡಿದಿರಿ’ ಎಂದು ಕೇಳುತ್ತಿರುವುದರಿಂದ ಬರೆಯುತ್ತಿದ್ದೇನೆ.

ಮೊದಲ ಪ್ರಯತ್ನ ಪೂರ್ತಿ ನೆಲ ಕಚ್ಚಿತು. ಏಳು ಗಂಟೆಗೆ ಮನೆ ಬಿಟ್ಟು ಮಧ್ಯಾಹ್ನ ಎರಡರವರೆಗೆ ಏನೂ ತಿನ್ನದೆ ಕೂರುತ್ತಿದ್ದೆ. ‘ಏನೂ’ ಎಂದರೆ ಚಹಾ ಬಿಟ್ಟು. ಗಿರಣಿಗೆ ದಲ್ಲಾಳಿಗಳು ಬಂದಾಗಲೆಲ್ಲ ಚಹಾ ಬರುತ್ತದೆ. ನಾಲ್ಕು ಕಪ್ಪಿಗೆ ಕಡಿಮೆಯಿಲ್ಲದೆ ಹೊಟ್ಟೆಗೆ ಇಳಿಯುತ್ತಿತ್ತು. ಎರಡು ಗಂಟೆಗೆ ಊಟಕ್ಕೆ ಕುಳಿತರೆ ಸೋನಾ ಮಸೂರಿ ಅನ್ನ ಎಷ್ಟು ಬಿದ್ದರೂ ತಟ್ಟೆ ತುಂಬಿದಂತೆ ಅನಿಸುತ್ತಿರಲಿಲ್ಲ. ತಿಂಗಳಾದ ಮೇಲೆ ಕಾಟಾ ಹತ್ತಿದರೆ ಒಂದು ಕೆಜಿ ಏರಿತ್ತು. ಆಮೇಲೆ ಓಟ್ಸ್ ತಂದೆ, ಹತ್ತು ಗಂಟೆಗೇ ಹೊಟ್ಟೆ ತಾಳ ಹಾಕಿತು. ಯಾರೋ ಹೇಳಿದರೆಂದು ಪ್ರೋಟೀನ್ ಪುಡಿಯ ಡಬ್ಬಿಗೆ ಮೂರು ಸಾವಿರದಷ್ಟು ಸುರಿದೆ. ಮೂರು ತಿಂಗಳ ಆಹಾರ ಸಲಹೆಯ ಪ್ಯಾಕೇಜಿಗೆ ಇನ್ನೊಂದು ಐದಾರು ಸಾವಿರ ಹೋಯಿತು. ಅವರು ಕೊಟ್ಟ ಪಟ್ಟಿಯಲ್ಲಿ ನಮ್ಮ ಜೋಳದ ರೊಟ್ಟಿಯ ಹೆಸರೇ ಇರಲಿಲ್ಲ. ಒಟ್ಟು ಹತ್ತು ಸಾವಿರದ ಹತ್ತಿರ ಕಳೆದುಕೊಂಡೆ, ತೂಕ ಕಳೆಯಲಿಲ್ಲ.

ದಾರಿ ತೋರಿಸಿದ್ದು ಗಿರಣಿಯ ಸ್ಯಾಂಪಲ್ ತಕ್ಕಡಿ. ಅಕ್ಕಿಯಲ್ಲಿ ನುಚ್ಚು ಎಷ್ಟಿದೆ ಎಂದು ಗ್ರಾಂ ಲೆಕ್ಕದಲ್ಲಿ ನೋಡುವ ತಕ್ಕಡಿ ಅದು. ಒಂದು ಭಾನುವಾರ ಅದನ್ನು ಮನೆಗೆ ತಂದು, ಹೆಂಡತಿಗೆ ಹತ್ತು ಮಿರ್ಚಿ ಕರಿಯಲು ಹೇಳಿದೆ. ಕರಿಯುವ ಮೊದಲು ಎಣ್ಣೆ ತೂಗಿದೆ. ಕರಿದ ಮೇಲೆ ಆರಿಸಿ, ಸೋಸಿ, ಮತ್ತೆ ತೂಗಿದೆ. ಬಾಣಲೆಯ ತಳದಲ್ಲಿ ಅಂಟಿದ್ದನ್ನೂ ಚಮಚದಿಂದ ಬಳಿದು ಸೇರಿಸಿದೆ. ಸುಮಾರು ನೂರಾ ಹತ್ತು ಗ್ರಾಂ ಕಡಿಮೆ ಬಂತು. ಒಂದು ಗ್ರಾಂ ಎಣ್ಣೆಗೆ 9 ಕ್ಯಾಲರಿ ಎಂಬುದು ನಿಮಗೆ ಗೊತ್ತೇ ಇದೆ. ಒಂದು ಮಿರ್ಚಿಯಲ್ಲಿ ಬರೀ ಎಣ್ಣೆಯದೇ ನೂರು ಕ್ಯಾಲರಿ, ಕಡಲೆಹಿಟ್ಟಿನ ಲೆಕ್ಕ ಬೇರೆ! ನಾನು ದಿನಾ ಒಗ್ಗರಣೆ ಮಂಡಕ್ಕಿಯ ಜೊತೆ ಮೂರು ತಿನ್ನುತ್ತಿದ್ದೆ. ಮಂಡಕ್ಕಿ ಹಗುರ ಎಂದು ಹೊಟ್ಟೆಯನ್ನು ಸಮಾಧಾನಪಡಿಸುತ್ತಿದ್ದೆ. ಅದರ ಒಗ್ಗರಣೆಯ ಎಣ್ಣೆಯನ್ನು ಯಾರು ಎಣಿಸುತ್ತಾರೆ?

ಆಮೇಲೆ ಕ್ರಮ ತಾನಾಗಿ ಕೂಡಿಬಂತು. ಹೋಟೆಲಿನ ನಾಷ್ಟಾ ಪೂರ್ತಿ ಬಂದ್. ಬೆಳಿಗ್ಗೆ ನೀರು, ಸಕ್ಕರೆಯಿಲ್ಲದ ಒಂದು ಚಹಾ. ಹನ್ನೊಂದು ಗಂಟೆಗೆ ಬುತ್ತಿ ಬಿಚ್ಚುತ್ತೇನೆ: ಎರಡು ಜೋಳದ ರೊಟ್ಟಿ, ಹೆಸರುಕಾಳು ಅಥವಾ ಮಡಿಕೆಕಾಳಿನ ಪಲ್ಯ, ಸಿಕ್ಕರೆ ಪುಂಡಿಪಲ್ಯ, ಒಂದೇ ಚಮಚ ಶೇಂಗಾ ಚಟ್ನಿ, ಒಂದು ಬಟ್ಟಲು ಮೊಸರು. ನಾಲ್ಕು ಗಂಟೆಗೆ ಒಂದು ಹಿಡಿ ಪುಟಾಣಿ. ರಾತ್ರಿ ಎಂಟರೊಳಗೆ ಒಂದು ರೊಟ್ಟಿ, ಸೊಪ್ಪು, ಒಂದು ಸೌಟು ಅನ್ನ. ಬೆಳಗಿನ ಒಂಬತ್ತರಿಂದ ಹನ್ನೊಂದರವರೆಗಿನ ಹಸಿವು ದಾಟಿಸಿದ್ದು ನೀರುಮಜ್ಜಿಗೆ ಮತ್ತು ಅದಕ್ಕೆ ಹಾಕುವ ಒಂದು ಪುಡಿ. ಪುಡಿ ನಮ್ಮ ಅತ್ತೆಯವರ ಕೈಯದು, ಅದರ ಅಳತೆಯನ್ನು ನಾನು ಬರೆಯುವುದಿಲ್ಲ.

ಎಂಟರೊಳಗಿನ ರಾತ್ರಿ ಊಟವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನವೆಂಬರಿನಲ್ಲಿ ಭತ್ತದ ಸೀಜನ್ ಬಂದಾಗ ಲಾರಿಗಳ ಸಾಲು ಮುಗಿಯುವುದು ನಡುರಾತ್ರಿಗೆ. ಹನ್ನೊಂದಕ್ಕೆ ಹೊಟ್ಟೆ ಬಿರಿಯೆ ಉಂಡು ಮಲಗಿ, ಬೆಳಿಗ್ಗೆ ‘ನಾಷ್ಟಾ ಬಿಟ್ಟಿದ್ದೇನೆ’ ಎಂದು ಬೀಗುತ್ತಿದ್ದೆ. ಎದೆಯುರಿ ಶುರುವಾಯಿತು. ಆ ಎರಡು ತಿಂಗಳಲ್ಲಿ ಮೂರು ಕೆಜಿ ವಾಪಸು ಬಂತು. ಮರುವರ್ಷ ಸೀಜನ್ನಿನಲ್ಲಿ ರಾತ್ರಿಯ ಡಬ್ಬಿಯನ್ನೂ ಗಿರಣಿಗೇ ತರಿಸಿಕೊಂಡೆ, ಲಾರಿ ಕಾಯುತ್ತಿದ್ದರೂ ಎಂಟಕ್ಕೆ ಉಂಡೆ.

ಇಷ್ಟೆಲ್ಲ ಆದ ಮೇಲೂ ಒಂದು ಸಂಶಯ ಕೊರೆಯುತ್ತಿತ್ತು. ಇಳಿಸಿದ್ದು ಹನ್ನೊಂದು ಗಂಟೆಯೋ, ಬುತ್ತಿಯೋ? ಮೂರು ವಾರ ಅದೇ ಎರಡು ರೊಟ್ಟಿ, ಅದೇ ಪಲ್ಯವನ್ನು ಬೆಳಿಗ್ಗೆ ಎಂಟಕ್ಕೇ ತಿಂದೆ. ಒಂದು ಕೆಜಿಯ ಆಸುಪಾಸು ಇಳಿಯಿತು. ಮತ್ತೆ ಮೂರು ವಾರ ಹನ್ನೊಂದಕ್ಕೆ ತಿಂದೆ, ಆಗಲೂ ಅಷ್ಟೇ ಇಳಿಯಿತು. ಗಡಿಯಾರದಿಂದ ನನಗೆ ಲಾಭವೂ ಆಗಲಿಲ್ಲ, ನಷ್ಟವೂ ಆಗಲಿಲ್ಲ. 2019ರಲ್ಲಿ ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು 13 ಪ್ರಯೋಗಗಳನ್ನು ಒಟ್ಟಿಗೆ ನೋಡಿ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದದ್ದೂ ಹೆಚ್ಚು ಕಡಿಮೆ ಇದೇ ದಿಕ್ಕಿನದು: ಬೆಳಿಗ್ಗೆ ತಿಂದವರು ದಿನಕ್ಕೆ ಸುಮಾರು 260 ಕ್ಯಾಲರಿ ಹೆಚ್ಚು ತಿಂದಿದ್ದರು, ಬಿಟ್ಟವರ ತೂಕ ತುಸು ಕಡಿಮೆಯಿತ್ತು, ವ್ಯತ್ಯಾಸ ಅರ್ಧ ಕೆಜಿಯೂ ಇಲ್ಲ. ಆ ಪ್ರಯೋಗಗಳ ಗುಣಮಟ್ಟ ಚೆನ್ನಾಗಿಲ್ಲ ಎಂದೂ ಅವರೇ ಎಚ್ಚರಿಸಿದ್ದಾರೆ. ಆದರೆ 260 ಎಂದರೆ ನನ್ನ ತಕ್ಕಡಿಯಲ್ಲಿ ಎರಡೂವರೆ ಮಿರ್ಚಿಯ ಎಣ್ಣೆ. ಆ ಅಂಕಿ ನೋಡಿದ ದಿನ ನಾನು ಮೇಸ್ತ್ರಿಯನ್ನು ಕರೆದು ತೋರಿಸಿದೆ.

ಮತ್ತೆ ಹನ್ನೊಂದನ್ನೇ ಹಿಡಿದದ್ದು ಏಕೆಂದರೆ, ಮನೆಯಲ್ಲಿ ಎಂಟಕ್ಕೆ ತಿಂದು ಹೊರಟರೂ ಹತ್ತು ಗಂಟೆಗೆ ಸ್ನೇಹಿತರ ಜೊತೆ ಹೋಟೆಲಿನ ಬೆಂಚಿನಲ್ಲಿ ಕುಳಿತರೆ ಎರಡನೇ ನಾಷ್ಟಾ ಆಗಿಯೇ ತೀರುತ್ತಿತ್ತು. ನನಗೆ ಬಿಡಲು ಸುಲಭವಾದದ್ದು ಹೋಟೆಲಿನ ಬೆಂಚು.

ನಡುವೆ ನವಣೆ ಅನ್ನವನ್ನೂ ಒಂದು ತಿಂಗಳು ನೋಡಿದೆ. ಜೋಳದ ಎರಡರಷ್ಟು ಬೆಲೆ ತೆತ್ತೆ, ತೂಕದಲ್ಲಿ ಜೋಳಕ್ಕಿಂತ ಹೆಚ್ಚಿನದೇನೂ ಕಾಣಲಿಲ್ಲ. ಬೇಸಿಗೆಯಲ್ಲಿ ರಾತ್ರಿ ನೆನೆಸಿಟ್ಟ ಜೋಳದ ಅಂಬಲಿ ಮಾತ್ರ ಗೆದ್ದಿತು. ನಲವತ್ತು ದಾಟಿದ ಬಿಸಿಲಿನಲ್ಲಿ ಗಿರಣಿಯ ತಗಡಿನ ಕೆಳಗೆ ಕೂರುವವನಿಗೆ ಉಪ್ಪು, ನೀರು ಎರಡೂ ಬೇಕು.

ಒಂದು ಮಾತನ್ನು ಕೈಮುಗಿದು ಹೇಳುತ್ತೇನೆ. ನನ್ನ ಹೆಂಡತಿಗೆ ಸಕ್ಕರೆ ಕಾಯಿಲೆಯಿದೆ, ಬೆಳಿಗ್ಗೆ ಮಾತ್ರೆ ನುಂಗುತ್ತಾಳೆ. ನಾನು ಇಳಿಯುವುದನ್ನು ಕಂಡು ಅವಳೂ ಒಂದು ದಿನ ನನಗೆ ಹೇಳದೆ ನಾಷ್ಟಾ ಬಿಟ್ಟಳು, ಮಾತ್ರೆ ಬಿಡಲಿಲ್ಲ. ಹತ್ತೂವರೆಗೆ ಮಗ ಫೋನ್ ಮಾಡಿದ. ಹೋಗಿ ನೋಡಿದರೆ ಸೆರಗೆಲ್ಲ ಬೆವರಿನಲ್ಲಿ ತೊಯ್ದಿತ್ತು, ಲೋಟ ಹಿಡಿದ ಕೈ ನಡುಗುತ್ತಿತ್ತು. ಮನೆಯ ಮೀಟರಿನಲ್ಲಿ 58. ಸಕ್ಕರೆ ನೀರು ಕುಡಿಸಿ, ಕಾಲು ಗಂಟೆ ಬಿಟ್ಟು ಮತ್ತೆ ನೋಡುವವರೆಗೆ ನನ್ನ ಜೀವ ನನ್ನಲ್ಲಿರಲಿಲ್ಲ. ಇಂಥ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಹೊತ್ತಿನ ಊಟ ತಪ್ಪಿಸಲೇಬಾರದು. ಬೆಳೆಯುವ ಮಕ್ಕಳ ಮೇಲೂ ಇದನ್ನು ಹೇರಬೇಡಿ. ಅವಳು ಈಗ ಏಳೂವರೆಗೆ ಒಂದು ರೊಟ್ಟಿ, ಕಾಳುಪಲ್ಯ ತಿಂದೇ ಮಾತ್ರೆ ನುಂಗುತ್ತಾಳೆ. ನಿಧಾನವಾಗಿ ನಾಲ್ಕು ಕೆಜಿ ಇಳಿದಿದ್ದಾಳೆ.

ನನ್ನ ಖರ್ಚಿನ ಲೆಕ್ಕವೂ ಇಳಿದಿದೆ. ಹೋಟೆಲಿಗೆ ತಿಂಗಳಿಗೆ ಸಾವಿರದ ಇನ್ನೂರು ಮುನ್ನೂರು ಹೋಗುತ್ತಿದ್ದದ್ದು ಉಳಿಯುತ್ತಿದೆ. ಅದರಲ್ಲಿ ಅರ್ಧ ಕಾಳಿಗೆ ಮತ್ತು ಮೊಸರಿಗೆ. ಮೊನ್ನೆ ಸೋಮವಾರ ಕಾಟಾ ಹತ್ತಿದಾಗ 75.4 ಬಂತು. ನಾನು ಇಳಿದ ಕೂಡಲೇ ಮೇಸ್ತ್ರಿ ಚಪ್ಪಲಿ ಬಿಟ್ಟು ಹತ್ತಿದ. 82. ಅವನ ಬುತ್ತಿಯೂ ಈಗ ಹನ್ನೊಂದಕ್ಕೆ ನನ್ನ ಮೇಜಿನ ಮೇಲೆ ಬಿಚ್ಚುತ್ತದೆ.