ಬಟನ್, ಬಟನ್, ಬಟನ್: ಗಂಜ್‌ನಲ್ಲಿ ನಾನು ಬಿಲ್ ಹಾಕಿದ ಕತೆ

ರಾಯಚೂರಿನ ಕೃಷಿ ಮಾರುಕಟ್ಟೆ, ಅಂದರೆ ಗಂಜ್‌ನಲ್ಲಿ ಒಂದು ದಲಾಲಿ ಅಂಗಡಿಯ ಲೆಕ್ಕ ಬರೆಯುವ ಕೆಲಸ ನನ್ನದು. ನನಗೆ ಕಣ್ಣು ಒಂಚೂರೂ ಕಾಣುವುದಿಲ್ಲ. ಸೇರಿದ ದಿನ ಸಾವ್ಕಾರರು, "ನಿನ್ ಕೈಲೆ ಆಗ್ತದೇನಪ?" ಅಂದರು. ಮುನೀಮರು, "ಒಂದ್ ವಾರ ನೋಡೂಣ್ರೀ" ಅಂತ ನಕ್ಕರು. ಈ ಸಲ ಹತ್ತಿ ಸೀಸನ್‌ನಲ್ಲಿ ದಿನಕ್ಕೆ 80, 90 ಬಿಲ್ ನಾನೊಬ್ಬನೇ ಹಾಕಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ತೊಂದರೆ ಇದ್ದದ್ದು ಅಂಗಡಿಯ ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ. ಟ್ಯಾಬ್ ಒತ್ತುತ್ತಾ ಹೋದರೆ, ಪರದೆ ಮೇಲಿದ್ದದ್ದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಎನ್‌ವಿಡಿಎ "ಬಟನ್, ಬಟನ್, ಬಟನ್" ಅನ್ನುತ್ತದೆ, ಅಷ್ಟೇ. ಯಾವುದು ಸೇವ್, ಯಾವುದು ಡಿಲೀಟ್, ದೇವರೇ ಬಲ್ಲ. ಇನ್ಸರ್ಟ್ ಆರ್ ಒತ್ತಿ, ಚಿತ್ರದೊಳಗಿನ ಅಕ್ಷರ ಗುರುತಿಸುವ ಓಸಿಆರ್ ಮಾಡಿದೆ. ಮೆನು ಓದಿತು. ಬಟನ್ ಮೇಲೆ ಬರೀ ಚಿತ್ರ, ಅಕ್ಷರವೇ ಇಲ್ಲ. ಅದೇನು ಓದೀತು ಪಾಪ. ಸಾಫ್ಟ್‌ವೇರ್ ಮಾಡಿದವರಿಗೆ ಫೋನ್ ಹಚ್ಚಿದರೆ, "ನಿಮ್ಮಂಥವರು ಎಷ್ಟ್ ಜನ ಇದ್ದಾರೆ ಸರ್?" ಎಂಬ ಪ್ರಶ್ನೆ. ಮುಂದಿನ ಅಪ್‌ಡೇಟ್‌ನಲ್ಲಿ ಸರಿ ಮಾಡುತ್ತೇವೆ ಅಂದರು. ಅಪ್‌ಡೇಟ್ ಬಂತು. "ಬಟನ್" ಇನ್ನೂ ಎರಡು ಜಾಸ್ತಿ ಆದವು.

ಜಾಸ್ ಅಂತ ದುಡ್ಡು ಕೊಟ್ಟು ಕೊಳ್ಳುವ ಇನ್ನೊಂದು ಸ್ಕ್ರೀನ್ ರೀಡರ್ ಇದೆ, ಅದನ್ನು ಕೊಳ್ಳು ಅಂದರು ಗೆಳೆಯರು. ಪುಣ್ಯಕ್ಕೆ 40 ನಿಮಿಷದ ಡೆಮೊ ಹಾಕಿ ನೋಡಿದೆ. ಅದೂ "ಬಟನ್" ಅಂತು. ಹತ್ತಾರು ಸಾವಿರ ಉಳಿಯಿತು. ಆದರೆ ಬಟನ್ ಹೆಸರು ಹೇಳಿಸುವ ಸಣ್ಣ ಪ್ರೋಗ್ರಾಂ, ಅಂದರೆ ಸ್ಕ್ರಿಪ್ಟ್ ಬರೆದುಕೊಡ್ತೀನಿ ಅಂದ ಹುಡುಗನಿಗೆ ಕೊಟ್ಟ 3,500 ಮಾತ್ರ ನೀರುಪಾಲು.

ಕೊನೆಗೆ ದಾರಿ ಸಿಕ್ಕಿದ್ದು ಎಕ್ಸೆಲ್‌ನಲ್ಲಿ. ಎಕ್ಸೆಲ್ ನಮ್ಮ ಜೊತೆ ಚೆನ್ನಾಗಿ ಮಾತಾಡುತ್ತದೆ ಅಲ್ವಾ? ಬಿಲ್ಲೆಲ್ಲ ಅಲ್ಲೇ ಹಾಕಿ, ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ ಇಂಪೋರ್ಟ್ ಮಾಡುತ್ತೇನೆ. ಆಗ ಬೇಕಾಗುವುದು ಮೂರೇ ಬಟನ್. ಕಣ್ಣಿದ್ದವರನ್ನು ಪಕ್ಕ ಕೂರಿಸಿಕೊಂಡು, ಒಂದೊಂದರ ಮೇಲೆ ಮೌಸ್ ಇಡಿಸಿ, ಮೌಸ್ ಇದ್ದ ಜಾಗವನ್ನು ನೆನಪಿಡುವ ಎನ್‌ವಿಡಿಎಯ ಗೋಲ್ಡನ್ ಕರ್ಸರ್ ಆಡ್‌ಆನ್‌ನಲ್ಲಿ ಹೆಸರು ಕೊಟ್ಟು ಉಳಿಸಿದೆ. ಕೂರಿಸಿಕೊಂಡದ್ದು ಅದೇ ಮುನೀಮರನ್ನು.

ಒಂದು ದಿನ ಅವರು, ಅಕ್ಷರ ಸಣ್ಣ ಕಾಣುತ್ತವೆ ಅಂತ ಸ್ಕ್ರೀನ್ ಸ್ಕೇಲ್ 125 ಮಾಡಿ ಊಟಕ್ಕೆ ಹೋಗಿದ್ದಾರೆ. ಬಟನ್‌ಗಳ ಜಾಗವೆಲ್ಲ ಸರಿದಿತ್ತು, ನನಗೇನು ಗೊತ್ತು? ಸೇವ್ ಅಂತ ಒತ್ತಿದೆ, ಡಿಲೀಟ್ ಮೇಲೆ ಬಿತ್ತು. 38 ಬಿಲ್ ಹೋದವು. ಎಕ್ಸೆಲ್ ಫೈಲ್ ಇತ್ತು, ಬಚಾವಾದೆ. ಈಗ ಒತ್ತುವ ಮುಂಚೆ ಒಂದು ಸಣ್ಣ ಪರೀಕ್ಷೆ ಮಾಡಿಕೊಳ್ಳುತ್ತೇನೆ. ಅದೇನು ಅಂತ ಇಲ್ಲಿ ಹೇಳಲ್ಲ. ಗಂಜ್‌ಗೆ ಬಂದು ಚಾ ಕುಡಿಸಿ, ಹೇಳುತ್ತೇನೆ.

ನಡುವೆ ಇನ್ನೊಂದು ಉಸಾಬರಿ. ರೈತರ ಹೆಸರಿನ ಪಟ್ಟಿ ಯೂನಿಕೋಡ್ (ಕಂಪ್ಯೂಟರ್ ಕನ್ನಡವೆಂದೇ ಗುರುತಿಸುವ ಸಂಕೇತ) ಅಲ್ಲದ ಹಳೇ ನುಡಿ ಫಾಂಟ್‌ನಲ್ಲಿತ್ತು. ನೋಡುವವರಿಗೆ ಕನ್ನಡ, ಎನ್‌ವಿಡಿಎಯ ಧ್ವನಿಯಾದ ಇಸ್ಪೀಕ್‌ಗೆ ಇಂಗ್ಲಿಷ್ ಅಕ್ಷರದ ಚೂರು. ಸುಮಾರು 1,200 ಹೆಸರು ಯೂನಿಕೋಡ್‌ಗೆ ಬದಲಿಸಿದೆ. ಒತ್ತಕ್ಷರ ಅಲ್ಲಲ್ಲಿ ಕೆಟ್ಟವು. ವೀರಭದ್ರಪ್ಪಂದಿರನ್ನೆಲ್ಲ ಒಬ್ಬೊಬ್ಬರನ್ನೇ ಹುಡುಕಿ ತಿದ್ದಲು ಮೂರು ಭಾನುವಾರ ಹಿಡಿಯಿತು.

ಈಗ ಉಳಿದದ್ದು ಪ್ರಿಂಟರ್. ಕಾಗದ ಮುಗಿದರೆ ಅದೂ ಬಾಯಿ ಬಿಡಲ್ಲ. ಸುಮ್ನೆ ಕೈ ಹಾಕಿ ನೋಡಬೇಕು.